ಮಾಜಿ ಸೈನಿಕರಿಗೆ ಮೈಸೂರಿನಲ್ಲೊಂದು ವ್ಯಸನಮುಕ್ತಿ ಕೇಂದ್ರ: ಕುಟುಂಬದವರೊಬ್ಬರ ವಿಮರ್ಶೆ

ಪಾಂಡವಪುರ ತಾಲ್ಲೂಕಿನ ನಮ್ಮ ಭಾವನವರು ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಊರಿಗೆ ಬಂದ ಮೇಲೆ ಕುಡಿತ ಮಿತಿ ಮೀರಿ, ಬೆಳಿಗ್ಗೆ ಎದ್ದೊಡನೆ ಕೈ ನಡುಗುವ ಹಂತಕ್ಕೆ ಹೋದಾಗ, ಮೈಸೂರಿನ ಹೊರವಲಯದಲ್ಲಿ, ಬನ್ನೂರು ರಸ್ತೆಯ ಕಡೆ ಇರುವ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಅವರನ್ನು ಕಳೆದ ವರ್ಷ ಸೇರಿಸಿದೆವು. ಅಲ್ಲಿ ಕಂಡದ್ದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ತಮ್ಮ ಗುರುತು ಸಿಗಬಾರದೆಂಬ ಕಾರಣಕ್ಕೆ ಕೇಂದ್ರದ ಹೆಸರು ಬೇಡ ಎಂದಿರುವುದರಿಂದ ಅದನ್ನು ಬಿಟ್ಟಿದ್ದೇನೆ. ಕುಡಿತ ನಿಲ್ಲಿಸಿದ ಮೊದಲ ಕೆಲವು ದಿನಗಳನ್ನು ಈ ಕೇಂದ್ರ ಬಹಳ ಚೆನ್ನಾಗಿ ನಿಭಾಯಿಸುತ್ತದೆ, ಸೈನಿಕನ ಮನಸ್ಸನ್ನು ಅರಿತವರು ಅಲ್ಲಿದ್ದಾರೆ, ಆದರೆ ಮನೆಗೆ ಮರಳಿದ ಮೇಲಿನ ನಿಗಾ, ಅದರಲ್ಲೂ ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಬಂದವರ ಮಟ್ಟಿಗೆ, ತೀರಾ ಸಾಲದು. ಇಂಥ ಚಿಕಿತ್ಸೆಯನ್ನು ಅಳೆಯಬೇಕಾದದ್ದು ಈ ಕೊನೆಯ ವಿಷಯದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕುಡಿತ ಕುಡಿತವೇ, ಸೈನಿಕನಿಗೆ ಬೇರೆ ಚಿಕಿತ್ಸೆ ಏಕೆ ಎಂದು ಹಲವರು ಕೇಳುತ್ತಾರೆ. ಔಷಧಿಯ ಮಟ್ಟಿಗೆ ವ್ಯತ್ಯಾಸವಿಲ್ಲ, ಬದುಕಿನ ಮಟ್ಟಿಗೆ ಬಹಳ ಇದೆ. ಜವಾನರಲ್ಲಿ ಹೆಚ್ಚಿನವರು ಸಮವಸ್ತ್ರ ಕಳಚುವುದು ನಲವತ್ತರ ಆಸುಪಾಸಿನಲ್ಲಿ. ಮೈಯಲ್ಲಿ ಕಸುವಿರುತ್ತದೆ, ಪಿಂಚಣಿ ಬರುತ್ತಿರುತ್ತದೆ, ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ಹೇಳುವವರಿರುವುದಿಲ್ಲ. ಇದರ ಜೊತೆಗೆ ಸೇನೆಯ ಕ್ಯಾಂಟೀನಿನಲ್ಲಿ ಸಾಮಾನು ಕೊಳ್ಳುವ ಕ್ಯಾಂಟೀನ್ ಕಾರ್ಡ್ ಇರುತ್ತದೆ. ದರ್ಜೆಗೆ ತಕ್ಕಂತೆ ತಿಂಗಳ ಮದ್ಯದ ಕೋಟಾ ಹೊರಗಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಊರಿನಲ್ಲಿ ಮಿಲಿಟ್ರಿಯವರ ಮನೆಯೆಂದರೆ ಬಾಟಲಿ ಸಿಗುವ ಮನೆ ಎಂಬ ಹೆಸರು ತಾನಾಗಿ ಬೀಳುತ್ತದೆ. ಗೃಹಪ್ರವೇಶಕ್ಕೆ, ಬೀಗರೂಟಕ್ಕೆ, ಹಬ್ಬದ ಮರುದಿನದ ಬಾಡೂಟಕ್ಕೆ ಒಂದೆರಡು ಮಿಲಿಟ್ರಿ ರಮ್ ಕೊಡಿಸಿ ಎಂದು ಕೇಳದ ನೆಂಟರೇ ಇಲ್ಲ. ಕೊಡುವವನಿಗೆ ಅದರಲ್ಲೊಂದು ಮರ್ಯಾದೆ, ಕೊಟ್ಟ ಮೇಲೆ ಕೂತು ಕುಡಿಯುವುದು ಆ ಮರ್ಯಾದೆಯ ಭಾಗ. ನಮ್ಮ ಭಾವನವರ ಕುಡಿತ ಬೆಳೆದದ್ದು ಹೀಗೆ. ಲಡಾಖಿನ ಚಳಿಯಲ್ಲಿ ಅಷ್ಟು ವರ್ಷ ಇದ್ದಾಗ ಅದು ಹತೋಟಿ ಮೀರಿರಲಿಲ್ಲ.

ಈ ಕೇಂದ್ರವನ್ನು ಗೊತ್ತುಮಾಡುವ ಮೊದಲು ಇನ್ನೊಂದು ಕೇಂದ್ರವನ್ನು ವಿಚಾರಿಸಿದ್ದೆವು. ಅಲ್ಲಿಯವರು ದೂರವಾಣಿಯಲ್ಲಿ ಕೇಳಿದ ಮೊದಲ ಪ್ರಶ್ನೆ ಮನೆಯ ವಿಳಾಸ. ರಾತ್ರಿ ವ್ಯಾನ್‌ನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಯಾರೂ ನೋಡಲು ಬರುವಂತಿಲ್ಲ ಎಂದರು. ವೈದ್ಯರು ಯಾರು ಎಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಬರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ಹಾಗಾಗಿ ಇಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರಬೇಕು, ರೋಗಿಯ ಘನತೆಯನ್ನೂ ಅವನ ಮಾಹಿತಿಯ ಗೌಪ್ಯತೆಯನ್ನೂ ಕಾಯಬೇಕು. ದೇಶದ ಗಡಿಯಲ್ಲಿ ನಿಂತ ಮನುಷ್ಯನನ್ನು ಕಳ್ಳನಂತೆ ಹಿಡಿದು ಒಯ್ಯುವ ಜಾಗಕ್ಕೆ ಕಳಿಸಲು ನನ್ನ ಅಕ್ಕ ಒಪ್ಪಲಿಲ್ಲ, ಒಪ್ಪದಿದ್ದುದೇ ಒಳ್ಳೆಯದಾಯಿತು.

ಬನ್ನೂರು ರಸ್ತೆಯ ಕೇಂದ್ರದಲ್ಲಿ ನೋಂದಣಿ ಪತ್ರವನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿದ್ದಾರೆ. ವೈದ್ಯರು ನಮ್ಮನ್ನೆಲ್ಲ ಹೊರಗೆ ಕೂರಿಸಿ ಭಾವನವರೊಬ್ಬರ ಜೊತೆಯೇ ದೀರ್ಘವಾಗಿ ಮಾತನಾಡಿದರು, ಚಿಕಿತ್ಸೆ ಏನು, ಎಷ್ಟು ದಿನ, ಯಾವ ಮಾತ್ರೆ ಏಕೆ ಎಂದು ವಿವರಿಸಿದರು, ಅವರ ಕೈಯಿಂದಲೇ ಒಪ್ಪಿಗೆಯ ಸಹಿ ಪಡೆದರು. ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ ಎಂಬುದನ್ನು ಒತ್ತಿ ಒತ್ತಿ ಕೇಳಿ ಬರೆದುಕೊಂಡರು. ಅದರ ಮಹತ್ವ ನಮಗೆ ಆಮೇಲೆ ತಿಳಿಯಿತು. ಬಹಳ ಕಾಲ ದಿನವೂ ಕುಡಿದ ದೇಹ ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನದೊಳಗೇ ನಡುಕ, ಬೆವರು, ವಾಂತಿ ಆರಂಭವಾಗುತ್ತವೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರುವ ಭಯವಿರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ ಇಲ್ಲದ್ದು ಕಾಣಿಸುತ್ತದೆ, ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಕೋಣೆಗೆ ಬೀಗ ಹಾಕಿ ಕುಡಿತ ಬಿಡಿಸಲು ಹೋಗುವವರು ಈ ವಿಷಯವನ್ನು ಖಂಡಿತ ತಿಳಿದಿರಬೇಕು.

ಅಲ್ಲಿನ ದಾದಿಯರ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ಕೆಲವು ಗಂಟೆಗಳಿಗೊಮ್ಮೆ ಬಂದು ಎರಡೂ ಕೈಗಳನ್ನು ಮುಂದೆ ಚಾಚಿಸಿ ಬೆರಳುಗಳನ್ನು ಅಗಲಿಸುವಂತೆ ಹೇಳುವರು, ಅಂಗೈ ಮುಟ್ಟಿ ಬೆವರು ನೋಡುವರು, ಇವತ್ತು ಯಾವ ವಾರ ಎಂದು ಕೇಳುವರು, ಹಾಳೆಯಲ್ಲಿ ಅಂಕ ಬರೆದು ಕೂಡಿ, ಆ ಮೊತ್ತಕ್ಕೆ ತಕ್ಕಂತೆ ಮಾತ್ರೆಯ ಪ್ರಮಾಣ ಹೆಚ್ಚಿಸುವರು ಇಲ್ಲವೇ ತಗ್ಗಿಸುವರು. ಈ ಹಂತದಲ್ಲಿ ಸಾಮಾನ್ಯವಾಗಿ ಬಳಸುವ ಕ್ಲೋರ್‌ಡಯಾಜೆಪಾಕ್ಸೈಡ್ ಬದಲು, ಭಾವನವರ ಯಕೃತ್ತಿನ ಪರೀಕ್ಷೆಯ ವರದಿ ನೋಡಿ ಲೋರಾಜೆಪಾಮ್ ಕೊಟ್ಟರು. ಗ್ಲೂಕೋಸ್ ಏರಿಸುವ ಮೊದಲೇ ಥಯಾಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಹಾಕಿದರು. ಕುಡಿತದಿಂದ ಅದು ದೇಹದಲ್ಲಿ ಬರಿದಾಗಿರುವಾಗ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಹಾನಿಯಾಗಬಹುದು ಎಂದು ದಾದಿಯೇ ನಮಗೆ ತಿಳಿಹೇಳಿದರು.

ಮೂರನೆಯ ರಾತ್ರಿ ನಾವು ಹೆದರಿದ್ದೇ ಆಯಿತು. ಭಾವನವರು ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಎದ್ದು ಕೂತರು, ತಮ್ಮ ಸೆಕ್ಷನ್ನಿನ ಹುಡುಗರ ಹೆಸರು ಹಿಡಿದು ಕೂಗಲಾರಂಭಿಸಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರಿಸುತ್ತಿದ್ದರು. ಆ ರಾತ್ರಿ ಪಾಳಿಯಲ್ಲಿದ್ದ ಸಹಾಯಕರು ಸೇನೆಯ ವೈದ್ಯಕೀಯ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದೀಪ ಆರಿಸಗೊಡದೆ, ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಪೋಸ್ಟಿನಲ್ಲಿ ಎಲ್ಲರೂ ಸುರಕ್ಷಿತವಾಗಿದ್ದಾರೆ, ಈಗ ನನ್ನ ಪಹರೆ, ನೀವು ಮಲಗಿ ಎಂದು ಹಿಂದಿಯಲ್ಲೇ ಹೇಳುತ್ತ ಅವರ ಮುಂಗೈ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ವೈದ್ಯರು ಬಂದು, ತಮ್ಮಲ್ಲಿ ತೀವ್ರ ನಿಗಾ ಘಟಕ ಇಲ್ಲದ ಕಾರಣ ಒಂದು ನಿಮಿಷವೂ ತಡಮಾಡದೆ ತಮ್ಮದೇ ವಾಹನದಲ್ಲಿ ನಗರದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ತಮ್ಮ ಕೈಲಾಗದ್ದನ್ನು ಕೈಲಾಗದು ಎಂದು ಹೊತ್ತಿಗೆ ಸರಿಯಾಗಿ ಹೇಳುವ ಸಂಸ್ಥೆಯನ್ನು ನಾನು ನಂಬುತ್ತೇನೆ.

ಖರ್ಚಿನ ವಿಷಯ. 2003ರ ಏಪ್ರಿಲ್ 1ರಂದು ಜಾರಿಗೆ ಬಂದ ಇ.ಸಿ.ಎಚ್.ಎಸ್. ಎಂಬ ವಂತಿಗೆಯ ಆರೋಗ್ಯ ಯೋಜನೆಯಡಿ ಮಾಜಿ ಸೈನಿಕರೂ ಅವರ ಅವಲಂಬಿತರೂ ಯೋಜನೆಯದೇ ಚಿಕಿತ್ಸಾಲಯವಾದ ಪಾಲಿಕ್ಲಿನಿಕ್ ಮೂಲಕ ಶಿಫಾರಸು ಪಡೆದು ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯಬಹುದು. ಆಸ್ಪತ್ರೆಯಲ್ಲಿದ್ದ ದಿನಗಳ ವೆಚ್ಚವನ್ನು ಭಾವನವರ ಕಾರ್ಡ್ ಭರಿಸಿತು. ಆದರೆ ಬನ್ನೂರು ರಸ್ತೆಯ ಕೇಂದ್ರ ಆ ಮಾನ್ಯತೆಯ ಪಟ್ಟಿಯಲ್ಲಿಲ್ಲದ್ದರಿಂದ ಅಲ್ಲಿನ ವಾಸ್ತವ್ಯದ ಹಣವನ್ನು ಕೈಯಿಂದಲೇ ಕಟ್ಟಬೇಕಾಯಿತು; ತಿಂಗಳ ಶುಲ್ಕ ಹವಾಲ್ದಾರರ ಪಿಂಚಣಿಯ ದೊಡ್ಡ ಪಾಲನ್ನು ನುಂಗುವಷ್ಟಿದೆ. ಹೊರಗೆ ಬರೆಸುವ ರಕ್ತಪರೀಕ್ಷೆಗಳು ಬೇರೆ. ಇದನ್ನು ಸೇರುವಾಗಲೇ ಬಾಯಿಮಾತಿನಲ್ಲಿ ಹೇಳಿದ್ದರಾದರೂ ಬರಹದಲ್ಲಿ ಕೊಟ್ಟಿರಲಿಲ್ಲ, ಅದು ಸರಿಯಲ್ಲ. ಹಣ ಹೊಂದಿಸಲಾಗದವರು ಮೈಸೂರಿನ ಕೆ.ಆರ್. ಆಸ್ಪತ್ರೆಯ ಅಥವಾ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಆಸ್ಪತ್ರೆಗೆ ಸೇರಿದರೆ ಪಿಂಚಣಿ ನಿಲ್ಲಿಸಿಬಿಡುತ್ತಾರೆ ಎಂಬ ಭಯ ನಮ್ಮ ಕಡೆಯ ಮನೆಗಳಲ್ಲಿ ಬಲವಾಗಿದೆ. ನಿವೃತ್ತಿಯ ನಂತರ ವ್ಯಸನಕ್ಕೆ ಚಿಕಿತ್ಸೆ ಪಡೆದ ಮಾತ್ರಕ್ಕೆ ಯಾರ ಪಿಂಚಣಿಯೂ ನಿಲ್ಲುವುದಿಲ್ಲ.

ಆಸ್ಪತ್ರೆಯಿಂದ ಕೇಂದ್ರಕ್ಕೆ ಮರಳಿದ ಮೇಲಿನ ವಾರಗಳಲ್ಲಿ ದಿನಚರಿ ಬಿಗಿಯಾಗಿತ್ತು: ಬೆಳಗಿನ ನಡಿಗೆ, ಯೋಗ, ಆಪ್ತಸಮಾಲೋಚನೆ, ತೋಟದ ಕೆಲಸ. ನಮ್ಮವರಿಗೆ ಇದೇನೂ ಕಷ್ಟವಾಗಲಿಲ್ಲ. ಶಿಸ್ತು ಕಲಿಸಿದರೆ ಕುಡಿತ ಬಿಡುತ್ತಾರೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದು ನನಗೆ ಇಲ್ಲಿ ಮನದಟ್ಟಾಯಿತು. ಇಪ್ಪತ್ತನಾಲ್ಕು ವರ್ಷ ಶಿಸ್ತಿನಲ್ಲೇ ಬಾಳಿದ ಮನುಷ್ಯನಿಗೆ ಹೊಸದಾಗಿ ಕಲಿಸಲು ಅದರಲ್ಲಿ ಏನಿದೆ? ನಿಜವಾಗಿ ಕೆಲಸ ಮಾಡಿದ್ದು ಗುರುವಾರದ ಮಾಜಿ ಸೈನಿಕರ ಗುಂಪು. ಕುಟುಂಬದವರಿಗೆ ಒಂದು ದಿನ ಮಾತ್ರ ಒಳಗೆ ಕೂರಲು ಅವಕಾಶ ಕೊಟ್ಟಿದ್ದರು. ಗುಂಡು, ಹಿಮಪಾತ, ಸತ್ತ ಗೆಳೆಯರ ವಿಷಯ ಬರುತ್ತದೆಂದು ನಾನು ಭಾವಿಸಿದ್ದೆ. ಅದೂ ಬಂತು, ಆದರೆ ಹೆಚ್ಚು ಹೊತ್ತು ನಡೆದದ್ದು ಸಂಜೆಯ ಮಾತು. ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಪಾಳಿ ಮುಗಿಸಿ ಬಂದು ನಿದ್ದೆ ಬಾರದೆ ಕುಡಿಯುವವರು, ತಾವಿಲ್ಲದೆಯೇ ಬೆಳೆದ ಮಕ್ಕಳ ಮುಂದೆ ಕೂರಲು ಮುಜುಗರಪಟ್ಟು ತೋಟದ ಮನೆಗೆ ಹೋಗಿ ಕುಡಿಯುವವರು, ಹೀಗೆ ಒಬ್ಬೊಬ್ಬರೂ ಹೇಳುತ್ತಿದ್ದಾಗ, ಮನೆಯಲ್ಲಿ ಬಾಯಿ ಬಿಡದ ನಮ್ಮ ಭಾವನವರು ತಾವಾಗಿ ಮಾತಿಗಿಳಿದರು.

ಕ್ಯಾಂಟೀನ್ ಕಾರ್ಡಿನ ವಿಷಯವನ್ನು ಆಪ್ತಸಮಾಲೋಚಕಿ ನಿಭಾಯಿಸಿದ ರೀತಿ ನನಗೆ ಬಹಳ ಹಿಡಿಸಿತು. ಕಾರ್ಡ್ ಕಿತ್ತುಕೊಳ್ಳಿ ಎಂದು ಅಕ್ಕನಿಗೆ ಹೇಳಲಿಲ್ಲ. ದಿನಸಿ, ಸೋಪು, ಮನೆಸಾಮಾನಿಗೆ ಅದೇ ಕಾರ್ಡ್ ಬೇಕು, ಕಿತ್ತುಕೊಂಡರೆ ಅವಮಾನ ಬೇರೆ. ಕೋಟಾದ ಬಾಟಲಿಗಳನ್ನು ಇನ್ನು ಮುಂದೆ ತರುವುದಿಲ್ಲ, ಯಾರಿಗೂ ಕೊಡಿಸುವುದೂ ಇಲ್ಲ ಎಂದು ಭಾವನವರೇ ನೆಂಟರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಳುವಂತೆ ಒಪ್ಪಿಸಿದರು, ಮೊದಲ ಫೋನನ್ನು ತಮ್ಮ ಮುಂದೆಯೇ ಮಾಡಿಸಿದರು. ಮದುವೆ ಗೊತ್ತಾಗಿದ್ದ ಒಬ್ಬ ಸಂಬಂಧಿಕರು ಮುನಿಸಿಕೊಂಡರು, ಆದರೂ ಆ ಮಾತು ಊರಿನಲ್ಲಿ ಹರಡಿದ್ದರಿಂದ ಬಾಗಿಲಿಗೆ ಬಂದು ಕೇಳುವವರು ನಿಂತರು.

ಔಷಧಿಯ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ ಎಂಬ ಜಾಹೀರಾತುಗಳು ನಮ್ಮ ಬಸ್ ನಿಲ್ದಾಣಗಳ ಗೋಡೆಗಳಲ್ಲಿ ಇಂದಿಗೂ ಇವೆ. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಅದನ್ನು ರೋಗಿಗೆ ತಿಳಿಸದೆ ಸಾರಿನಲ್ಲಿ ಬೆರೆಸುವುದು ಕೊಲ್ಲುವ ಕೆಲಸವಾಗಬಹುದೆಂದು ಇಲ್ಲಿನ ವೈದ್ಯರು ಕುಟುಂಬದವರ ತರಗತಿಯಲ್ಲಿ ಖಡಾಖಂಡಿತವಾಗಿ ಹೇಳುತ್ತಾರೆ. ಕುಡಿಯುವ ಹಂಬಲ ತಗ್ಗಿಸಲು ಭಾವನವರಿಗೆ ಅವರ ಯಕೃತ್ತಿಗೆ ಹೊಂದುವ ಬ್ಯಾಕ್ಲೋಫೆನ್ ಆರಿಸಿದರು, ಏಕೆ ಆರಿಸಿದರೆಂಬುದನ್ನು ಅವರಿಗೇ ವಿವರಿಸಿದರು.

ಊಟ ಸಾಧಾರಣ. ಮುದ್ದೆ ವಾರಕ್ಕೆರಡು ದಿನ ಮಾತ್ರ. ಕೋಣೆಗಳು ಚೊಕ್ಕಟವಾಗಿವೆ, ಶೌಚಾಲಯಗಳು ಇನ್ನೂ ಹೆಚ್ಚಬೇಕು.

ಈಗ ಕೊರತೆಯ ವಿಷಯ. ಬಿಡುಗಡೆಯ ದಿನ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿಯೂ ಮುಂದಿನ ಭೇಟಿಯ ದಿನಾಂಕವೂ ಇದ್ದವು, ಅಷ್ಟೇ. ಮತ್ತೆ ಕುಡಿತಕ್ಕೆ ಬೀಳುವ ಅಪಾಯ ಅತಿ ಹೆಚ್ಚಿರುವುದು ಮೊದಲ ಕೆಲವು ತಿಂಗಳುಗಳಲ್ಲಿ ಎಂದು ಅವರೇ ತರಗತಿಯಲ್ಲಿ ಹೇಳಿದ್ದರು. ಆದರೆ ಆ ತಿಂಗಳುಗಳಲ್ಲಿ ಕೇಂದ್ರದಿಂದ ಬಂದ ಫೋನ್ ಕರೆಗಳು ಬರಬರುತ್ತ ವಿರಳವಾಗಿ ನಿಂತೇಹೋದವು. ಗುರುವಾರದ ಗುಂಪಿಗೆ ಹೊರಗಿನಿಂದ ಬಂದು ಕೂರಬಹುದಾದರೂ ಅದು ಬೆಳಿಗ್ಗೆಯ ಹೊತ್ತು, ಅದೂ ಮೈಸೂರಿನಲ್ಲಿ ಮಾತ್ರ. ಪಾಂಡವಪುರದವರು ರೈಲು ಹಿಡಿದು ಹೇಗೋ ಬರಬಹುದು, ನಾಗಮಂಗಲ, ಕೆ.ಆರ್. ಪೇಟೆಯ ಹಳ್ಳಿಗಳಿಂದ ಬರುವವರು ಇಡೀ ದಿನದ ಕೂಲಿಯನ್ನೋ ಗದ್ದೆಯ ಕೆಲಸವನ್ನೋ ಬಿಟ್ಟು ಬರಬೇಕು. ಮಿಮ್ಸ್‌ನ ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟು ಅಲ್ಲೇ ಮುಂದುವರಿಸಿ ಎಂದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಕೇಳಿ ಪಡೆಯುವಷ್ಟರಲ್ಲಿ ನಮಗೆ ಸಾಕುಬೇಕಾಯಿತು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಹಳ್ಳಿಗಳಲ್ಲೇ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೆನೆದಾಗ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಕುಡಿತ ನಿಲ್ಲಿಸಿದಾಗ ತೀವ್ರ ಲಕ್ಷಣಗಳು ಕಾಣಿಸಿಕೊಳ್ಳುವ ನಮ್ಮ ಭಾವನವರಂಥವರಿಗೆ ಶಿಬಿರಕ್ಕಿಂತ ಆಸ್ಪತ್ರೆಯೇ ಸರಿ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನೇ ಸೇರಿಸಿ ಊರಿನಲ್ಲೊಂದು ನವಜೀವನ ಸಮಿತಿ ಕಟ್ಟಿ ಒಬ್ಬರಿಗೊಬ್ಬರು ಕಾವಲಾಗಿರುವ ವ್ಯವಸ್ಥೆ ಅಲ್ಲಿದೆ. ಭಾವನವರು ಈಗ ಪಕ್ಕದೂರಿನ ಅಂಥ ಸಮಿತಿಯ ಸಭೆಗೆ ಹೋಗುತ್ತಿದ್ದಾರೆ. ಯುಗಾದಿಯ ಹೊತ್ತಿಗೆ ಒಮ್ಮೆ ಕುಡಿದಾಗ ಮನೆಗೆ ಬಂದು ವಿಚಾರಿಸಿದವರು ಆ ಸಮಿತಿಯವರೇ ಹೊರತು ನಾವು ಹಣ ಕಟ್ಟಿದ್ದ ಕೇಂದ್ರದವರಲ್ಲ. ಅದಾದ ಮೇಲೆ ಇದುವರೆಗೆ ಅವರು ಮುಟ್ಟಿಲ್ಲ. ನಡುರಾತ್ರಿ ಹಂಬಲ ತಡೆಯಲಾಗದಾಗ ಅವರು ಕರೆ ಮಾಡುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ. ಅದು ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಇಷ್ಟು ಕೊರತೆಯಿದ್ದರೂ, ದಿನವೂ ಕುಡಿಯುವ, ಬಿಟ್ಟರೆ ನಡುಗುವ ಮಾಜಿ ಸೈನಿಕರಿಗೆ ಮೊದಲ ತಿಂಗಳ ಮಟ್ಟಿಗೆ ಈ ಕೇಂದ್ರವನ್ನು ನಾನು ಹೇಳುತ್ತೇನೆ. ಸೇರಿಸುವವರು ಇ.ಸಿ.ಎಚ್.ಎಸ್. ಕಾರ್ಡ್, ಹಳೆಯ ರಕ್ತಪರೀಕ್ಷೆಯ ವರದಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಇವನ್ನು ಜೊತೆಗೆ ಒಯ್ಯಲಿ. ಹೊರಡುವ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಯಾವ ಆಸ್ಪತ್ರೆಗೆ ಶಿಫಾರಸು ಸಿಗುತ್ತದೆ ಎಂಬುದನ್ನು ಕೇಳಿಕೊಳ್ಳಲಿ. ಕೇಂದ್ರದಲ್ಲಿ ಖರ್ಚಿನ ವಿವರವನ್ನು ಬರಹದಲ್ಲೇ ಪಡೆಯಲಿ. ಬಿಡುಗಡೆಯ ನಂತರ ಯಾರು, ಎಷ್ಟು ದಿನಕ್ಕೊಮ್ಮೆ, ಎಲ್ಲಿ ನೋಡುತ್ತಾರೆ ಎಂಬುದನ್ನೂ, ತಮ್ಮ ಜಿಲ್ಲೆಯ ಆಸ್ಪತ್ರೆಗೆ ಬರೆಯಬೇಕಾದ ಪತ್ರವನ್ನೂ ದಾಖಲಾಗುವ ದಿನವೇ ಕೇಳಲಿ.