ಕೀಲೆಸ್ ಕಾರಿಗೆ ಯಾವ ಕಾವಲು ಒಳ್ಳೆಯದು? ಒಂದೊಂದನ್ನೂ ಬಳಸಿ ನೋಡಿದ ಮೇಲೆ

ಕೀಯನ್ನು ಪೌಚ್‌ಗೆ ಹಾಕಿ, ಬಾಯಿ ಮಡಚಿ ಒತ್ತಿ, ಜೇಬಿಗಿಳಿಸಿ, ಕಾರಿನ ಹ್ಯಾಂಡಲ್ ಹಿಡಿದೆ. ಬಾಗಿಲು ತೆರೆದುಕೊಂಡಿತು. ತೆರೆಯಬಾರದಿತ್ತು. ನನ್ನದು ಕೀಲೆಸ್ ಕಾರು, ಕೀ ಜೇಬಿನಲ್ಲಿದ್ದರೆ ಹ್ಯಾಂಡಲ್ ಮುಟ್ಟಿದರೇ ಸಾಕು, ಬಾಗಿಲು ತೆರೆಯುತ್ತದೆ. ಕೀಯ ಸಿಗ್ನಲ್ ಹೊರಗೆ ಹೋಗದಂತೆ ತಡೆಯುವ ಪೌಚ್ ಅದು. ಏಳು ತಿಂಗಳಿಂದ ದಿನಾ ರಾತ್ರಿ ಅದನ್ನೇ ನಂಬಿ ಮಲಗುತ್ತಿದ್ದೆ. ಅದು ಯಾವಾಗ ಕೆಟ್ಟಿತೋ ನನಗೆ ಗೊತ್ತೇ ಇಲ್ಲ. ನಿನ್ನೆಯೂ ಇರಬಹುದು, ಮೂರು ತಿಂಗಳ ಹಿಂದೆಯೂ ಇರಬಹುದು.

ಆವತ್ತಿನಿಂದ ಕಾರಿನ ಕಾವಲನ್ನು ನಾನು ನೋಡುವ ರೀತಿಯೇ ಬದಲಾಯಿತು. ಮೊದಲು ಯಾವುದು ಹೆಚ್ಚು ಗಟ್ಟಿ ಅಂತ ಕೇಳುತ್ತಿದ್ದೆ. ಈಗ, ಕೆಟ್ಟರೆ ನನಗೆ ತಿಳಿಯುತ್ತದಾ ಅಂತ ಕೇಳುತ್ತೇನೆ. ಕೆಳಗಿನ ಹೋಲಿಕೆ ಈ ಪ್ರಶ್ನೆಯ ಮೇಲೇ ನಿಂತಿದೆ.

ಮೊದಲು ಕಳ್ಳತನ ಹೇಗೆ ನಡೆಯುತ್ತದೆ ಅಂತ ತಿಳಿದಿರಬೇಕು. ನೀವು ಹ್ಯಾಂಡಲ್ ಮುಟ್ಟಿದಾಗ ಕಾರು ಸಣ್ಣ ದನಿಯಲ್ಲಿ ಕೀಯನ್ನು ಕರೆಯುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಈ ಕರೆ ಒಂದೆರಡು ಮೀಟರ್ ಮಾತ್ರ ಕೇಳಿಸುತ್ತದೆ. ಕೀ ಉತ್ತರ ಕೊಡುವುದು 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ. ಅದು ದೂರಕ್ಕೂ ತಲುಪುತ್ತದೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಬಾಗಿಲ ಹತ್ತಿರ ಆಂಟೆನಾ ಹಿಡಿದು ನಿಂತರೆ ಕಾರಿನ ಕರೆ ಒಳಗಿರುವ ಕೀಗೆ ಮುಟ್ಟುತ್ತದೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬುತ್ತದೆ. ಕಳ್ಳರು ಯಾವ ಗುಪ್ತ ಸಂಕೇತವನ್ನೂ ಒಡೆಯುವುದಿಲ್ಲ, ದೂರವನ್ನಷ್ಟೇ ಸುಳ್ಳು ಮಾಡುತ್ತಾರೆ. 2011ರಲ್ಲೇ ಸ್ವಿಟ್ಜರ್‌ಲೆಂಡ್‌ನ ಇಟಿಎಚ್ ಜ್ಯೂರಿಕ್‌ನ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳ ಮೇಲೆ ಇದನ್ನು ಮಾಡಿ ನೋಡಿದ್ದರು. ಹತ್ತೂ ಮೋಸ ಹೋದವು.

ಪೌಚ್ ತಡೆಯುವುದು ಕಾರು ಮತ್ತು ಕೀಯ ನಡುವಿನ ಈ ಮಾತುಕತೆಯನ್ನೇ. ಒಳಗೆ ಲೋಹದ ಎಳೆಗಳಿರುವ ಬಟ್ಟೆ ಇರುತ್ತದೆ, ಅಲೆಗಳು ದಾಟುವುದಿಲ್ಲ. ಹೊಸದಿದ್ದಾಗ ನನ್ನದೂ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ದಿನಾ ಮಡಚಿ ಬಿಡಿಸಿ ಅಂಚಿನಲ್ಲಿ ಬಟ್ಟೆ ಸವೆಯಿತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಪೌಚ್ ಕೊನೆಯ ಸ್ಥಾನಕ್ಕೆ ಹೋಯಿತು. ಬಳಸುವವರು ತಿಂಗಳಿಗೊಮ್ಮೆಯಾದರೂ ನಾನು ಮಾಡಿದ ಹಾಗೆ ಹ್ಯಾಂಡಲ್ ಹಿಡಿದು ಪರೀಕ್ಷೆ ಮಾಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೂ ಕೆಲವೊಮ್ಮೆ ಸಾಕಾಗುತ್ತದೆ. ಅದನ್ನೂ ಪರೀಕ್ಷೆ ಮಾಡದೆ ನಂಬಬೇಡಿ.

ಅದಕ್ಕಿಂತ ನನಗೆ ಹಿಡಿಸಿದ್ದು ಕೀಯನ್ನೇ ಮಲಗಿಸುವುದು. ಕಾರಿನ ಜೊತೆ ಬಂದ ಪುಸ್ತಕವನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಈ ಘಟನೆ ಆದ ಮೇಲೆ. ನನ್ನ ಕೀಯಲ್ಲಿ ಎರಡು ಬಟನ್‌ಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಅದು ಕಾರಿನ ಕರೆಗೆ ಉತ್ತರ ಕೊಡುವುದನ್ನು ನಿಲ್ಲಿಸುತ್ತದೆ, ಸಣ್ಣ ದೀಪ ಮಿನುಗಿ ಹಾಗಾಗಿದೆ ಅಂತ ತಿಳಿಸುತ್ತದೆ. ಕೆಲವು ಕಾರುಗಳಲ್ಲಿ ಇದು ಸ್ಕ್ರೀನ್‌ನ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಈಚಿನ ಕೆಲವು ಕೀಗಳಲ್ಲಿ ಅಲುಗಾಟ ಗುರುತಿಸುವ ಸೆನ್ಸರ್ ಇದ್ದು, ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿದ್ದರೆ ತಾನಾಗಿಯೇ ಮಲಗುತ್ತದೆ. ಇದಕ್ಕೆ ಖರ್ಚೇ ಇಲ್ಲ. ಕೈತುಂಬ ಚೀಲ ಹಿಡಿದು ಬಂದಾಗ ಬಟನ್ ಒತ್ತಬೇಕು, ಅಷ್ಟೇ ಕಷ್ಟ. ನಾಲ್ಕು ದಿನದಲ್ಲಿ ಅಭ್ಯಾಸವಾಯಿತು.

ಇಲ್ಲಿಗೇ ನಿಲ್ಲಿಸಬಹುದು ಅಂದುಕೊಂಡಿದ್ದೆ. ಆದರೆ ಕೀಯನ್ನು ಕೇಳದೆಯೇ ಒಳಗೆ ಬರುವ ದಾರಿ ಇನ್ನೊಂದಿದೆ. 2022ರಲ್ಲಿ ಬ್ರಿಟನ್ನಿನ ಇಯಾನ್ ಟೇಬರ್ ಅವರ ಟೊಯೋಟಾ ರಾವ್4 ಕಾರು ಕಳುವಾಯಿತು. ಅವರೇ ಕಾರುಗಳ ಭದ್ರತೆಯ ಸಂಶೋಧಕರು. ಕಳುವಿಗೆ ಮುಂಚೆ ಯಾರೋ ಮುಂದಿನ ದೀಪದ ಹತ್ತಿರ ಬಂಪರ್ ಕಿತ್ತು ವೈರ್ ಎಳೆದಿದ್ದರು. ಕಿಡಿಗೇಡಿಗಳ ಕೆಲಸ ಅಂತ ಅವರಿಗೆ ಮೊದಲು ಅನ್ನಿಸಿತ್ತು. ಆಮೇಲೆ ಅವರೂ ಕಾರಿನ ಒಳಗಿನ ಜಾಲಗಳ ತಜ್ಞ ಕೆನ್ ಟಿಂಡೆಲ್ ಅವರೂ ಸೇರಿ ಗುಟ್ಟು ಬಿಡಿಸಿದರು. ಕಳ್ಳರು ದೀಪಕ್ಕೆ ಹೋಗುವ ವೈರ್ ಮೂಲಕ ಕಾರಿನ ಒಳಗಿನ ಜಾಲಕ್ಕೆ 'ಸರಿಯಾದ ಕೀ ಬಂದಿದೆ' ಅನ್ನುವ ಸುಳ್ಳು ಸಂದೇಶ ತಳ್ಳುತ್ತಾರೆ. ಒಳಗಿನ ಭಾಗಗಳು ಒಂದರ ಮಾತನ್ನು ಇನ್ನೊಂದು ಸುಮ್ನೆ ನಂಬುತ್ತವೆ. ಟಿಂಡೆಲ್ ಇದನ್ನು 2023ರಲ್ಲಿ ವಿವರವಾಗಿ ಬರೆದರು. ಈ ದಾರಿಯಲ್ಲಿ ಬರುವವನಿಗೆ ನಿಮ್ಮ ಕೀ ಪೌಚ್‌ನಲ್ಲಿದ್ದರೂ ಒಂದೇ, ಮಲಗಿದ್ದರೂ ಒಂದೇ. ಅದನ್ನು ಓದಿದ ವಾರವೇ ನಾನು ಸ್ಟೀರಿಂಗ್ ಚಕ್ರ ತಿರುಗದಂತೆ ಅದಕ್ಕೆ ತಗುಲಿಸುವ ಸ್ಟೀರಿಂಗ್ ಲಾಕ್ ತಂದೆ.

ಹಳೆಯ ಕಾಲದ ಕಬ್ಬಿಣದ ಸಾಮಾನು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಭಾರ ಜಾಸ್ತಿ ಅನ್ನುವುದು ನಿಜ. ಅಮ್ಮನಿಗೆ ಮೊದಲು ಅದನ್ನು ಎತ್ತಿ ಕೂರಿಸುವುದೇ ಕಷ್ಟವಾಯಿತು. ಉದ್ದ ಕೋಲಿನದು ವಾಪಸ್ ಕೊಟ್ಟು ಬೇರೆ ಆಕಾರದ್ದು ತಂದೆವು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಕೈ ಸುಡುವಷ್ಟು ಕಾಯುತ್ತದೆ. ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ: ಕಾರು ಓಡಿಸುವಾಗ ಅದನ್ನು ಸೀಟಿನ ಕೆಳಗೆ ತಳ್ಳಬೇಡಿ. ಒಂದು ಸಲ ನನ್ನದು ಉರುಳಿಕೊಂಡು ಬ್ರೇಕ್ ಪೆಡಲ್ ಹತ್ತಿರ ಬಂತು. ಈಗ ಅದು ಡಿಕ್ಕಿಯಲ್ಲೇ ಇರುತ್ತದೆ.

ಸ್ಟೀರಿಂಗ್ ಚಕ್ರವನ್ನೇ ಕೊಯ್ದು ಲಾಕ್ ಬಿಡಿಸಿಕೊಳ್ಳಬಹುದು, ಅದು ನನಗೂ ಗೊತ್ತು. ಆದರೂ ಇದನ್ನೇ ಮೊದಲ ಸ್ಥಾನದಲ್ಲಿಡುತ್ತೇನೆ. ಹಾಕಿದ್ದೀನಾ ಇಲ್ಲವಾ ಅಂತ ಕಿಟಕಿಯಿಂದಲೇ ಕಾಣುತ್ತದೆ. ನನಗೆ ಕಂಡ ಹಾಗೇ ಕಳ್ಳನಿಗೂ ಕಾಣುತ್ತದೆ. ಅವನು ಕೀಯ ದಾರಿಯಲ್ಲಿ ಬಂದರೂ ವೈರಿನ ದಾರಿಯಲ್ಲಿ ಬಂದರೂ ಕಬ್ಬಿಣ ಅಲ್ಲೇ ಇರುತ್ತದೆ.

ಇದಕ್ಕೆ ಸರಿಸಾಟಿ ಅನ್ನಿಸಿದ್ದು ಪಿನ್ ಕೇಳುವ ಇಮ್ಮೊಬಿಲೈಜರ್, ಅಂದರೆ ಕಾರು ಹೊರಡದಂತೆ ತಡೆಯುವ ಸಾಧನ. ಟೆಸ್ಲಾ 2018ರಿಂದ ಓಡಿಸುವ ಮುಂಚೆ ಪಿನ್ ಕೇಳುವ ಸೌಲಭ್ಯ ಕೊಟ್ಟಿದೆ. ನನ್ನ ಕಾರಿನಲ್ಲಿ ಅಂಥದ್ದಿರಲಿಲ್ಲ, ಬೇರೆಯಾಗಿ ಹಾಕಿಸಿದೆ. ಕಾರಿನಲ್ಲಿ ಮೊದಲೇ ಇರುವ ಬಟನ್‌ಗಳನ್ನು ನಾವು ಗುರುತಿಟ್ಟ ಕ್ರಮದಲ್ಲಿ ಒತ್ತದಿದ್ದರೆ ಎಂಜಿನ್ ಏಳುವುದಿಲ್ಲ. ಎತ್ತುವ ಭಾರವಿಲ್ಲ, ಹಾಕಲು ಮರೆಯುವ ಭಯವೂ ಇಲ್ಲ. ಕೆಟ್ಟರೆ ತಿಳಿಯುತ್ತದಾ? ಕ್ರಮ ಒತ್ತದೆ ಸ್ಟಾರ್ಟ್ ಮಾಡಿ ನೋಡಿದರೆ ಸಾಕು, ಹತ್ತು ಸೆಕೆಂಡಿನ ಕೆಲಸ. ತೊಂದರೆ ಬಂದಿದ್ದು ಸರ್ವಿಸ್ ದಿನ. ಕ್ರಮ ಕೇಳದ ಸರ್ವಿಸ್ ಮೋಡ್‌ಗೆ ಹಾಕದೆ ಕಾರು ಬಿಟ್ಟು ಬಂದೆ, ಅವರಿಗೆ ಅದನ್ನು ಅಲುಗಾಡಿಸಲಾಗಲಿಲ್ಲ. ಫೋನ್‌ನಲ್ಲಿ ಕ್ರಮ ಹೇಳಿಕೊಡಬೇಕಾಯಿತು, ಸಂಜೆ ಅದನ್ನು ಬದಲಾಯಿಸಿದೆ. ಹಾಕಿಸುವ ಮುಂಚೆ ವಾರಂಟಿಗೆ ಏನಾಗುತ್ತದೆ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಇನ್ನು, ಪಿನ್ ಇದ್ದರೂ ಬಾಗಿಲು ತೆರೆಯಬಹುದು. ಲ್ಯಾಪ್‌ಟಾಪ್ ಸೀಟಿನ ಮೇಲೆ ಬಿಟ್ಟು ಬರಬೇಡಿ.

ಜಿಪಿಎಸ್ ಟ್ರ್ಯಾಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಕಳ್ಳತನ ತಡೆಯುವುದಿಲ್ಲ, ಆದ ಮೇಲೆ ಹುಡುಕಲು ಮಾತ್ರ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನನ್ನದು ಸುಮ್ಮನಾಗುತ್ತಿತ್ತು. ಕಾರು ಮೂರು ವಾರ ನಿಂತಲ್ಲೇ ನಿಂತಾಗ 12 ವೋಲ್ಟ್ ಬ್ಯಾಟರಿಯನ್ನೂ ಇಳಿಸಿಬಿಟ್ಟಿತು. ತೆಗೆಸಿದೆ.

ಫೋನನ್ನೇ ಕೀ ಮಾಡಿಕೊಂಡರೆ? ಸ್ನೇಹಿತನ ಕಾರಿನಲ್ಲಿ ಎರಡು ವಾರ ಬಳಸಿ ನೋಡಿದೆ. ತುಂಬಾ ಸುಖ, ಫೋನ್ ಚಾರ್ಜ್ ಮುಗಿದ ಆ ಒಂದು ರಾತ್ರಿ ಬಿಟ್ಟು. ಇಲ್ಲಿ ನೋಡಬೇಕಾದ ವಿಷಯ ಅದು ಬ್ಲೂಟೂತ್ ಮಾತ್ರ ನಂಬುತ್ತದಾ, ಅಲ್ಟ್ರಾ ವೈಡ್‌ಬ್ಯಾಂಡ್ ಇದೆಯಾ ಅನ್ನುವುದು. 2022ರಲ್ಲಿ ಭದ್ರತಾ ಕಂಪನಿ ಎನ್‌ಸಿಸಿ ಗ್ರೂಪ್‌ನ ಸಂಶೋಧಕರು ಬ್ಲೂಟೂತ್ ಸಿಗ್ನಲ್ ದಾಟಿಸಿ ಟೆಸ್ಲಾ ಕಾರನ್ನು ತೆರೆದು ತೋರಿಸಿದರು. ವೈಡ್‌ಬ್ಯಾಂಡ್ ಹಾಗಲ್ಲ, ಸಿಗ್ನಲ್ ಹೋಗಿ ಬರುವ ಹೊತ್ತನ್ನೇ ಅಳೆಯುತ್ತದೆ. ರೇಡಿಯೊ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. ಮಧ್ಯದಲ್ಲಿ ನಿಂತು ದಾಟಿಸುವವನು ಆ ಹೊತ್ತನ್ನು ಕಡಿಮೆ ಮಾಡಲಾರ. ನನ್ನ ಮುಂದಿನ ಕಾರಿನಲ್ಲಿ ಇದು ಇರಲೇಬೇಕು.

ಆದರೆ ಫೋನ್ ಕೀಗೆ ಒಂದು ಖಾತೆ ಇರುತ್ತದೆ ಅಲ್ವಾ, ಅದನ್ನು ಎಲ್ಲರೂ ಮರೆಯುತ್ತಾರೆ. ಆಗ ಐಬಿಎಂನಲ್ಲಿದ್ದ ಭದ್ರತಾ ತಜ್ಞ ಚಾರ್ಲ್ಸ್ ಹೆಂಡರ್ಸನ್, ತಾವು ಮಾರಿದ ಕಾರು ವರ್ಷಗಳ ನಂತರವೂ ತಮ್ಮ ಆ್ಯಪ್‌ನಲ್ಲಿ ಕಾಣುತ್ತಿತ್ತು, ಬೀಗ ತೆರೆಯಲೂ ಆಗುತ್ತಿತ್ತು ಅಂತ 2017ರಲ್ಲಿ ಹೇಳಿದ್ದರು. ಹಳೆಯ ಕಾರು ಕೊಂಡರೆ ಹಿಂದಿನ ಮಾಲೀಕರ ಖಾತೆ ತೆಗೆಸಿ. ಮಾರುವಾಗ ನಿಮ್ಮದನ್ನು ತೆಗೆಯಿರಿ, ಸ್ಕ್ರೀನ್‌ನಲ್ಲಿ ಉಳಿದ ಫೋನ್ ನಂಬರ್‌ಗಳನ್ನೂ ಅಳಿಸಿ.

ಈಗ ನನ್ನ ರಾತ್ರಿಯ ಕೆಲಸ ಎರಡೇ: ಕೀ ಮಲಗಿಸುವುದು, ಸ್ಟೀರಿಂಗ್ ಲಾಕ್ ಹಾಕುವುದು. ಪಿನ್ ತನ್ನ ಪಾಡಿಗೆ ಇರುತ್ತದೆ. ಪೌಚ್ ಬಳಸಿದ ಆ ಏಳು ತಿಂಗಳಲ್ಲಿ ಇನ್ನೊಂದು ತಪ್ಪು ಮಾಡಿದ್ದೆ. ಒಂದು ಕೀಯನ್ನು ಅಷ್ಟು ಜೋಪಾನ ಮಾಡುವಾಗ ಸ್ಪೇರ್ ಕೀ ಮುಂಬಾಗಿಲ ಪಕ್ಕದ ಮೊಳೆಯಲ್ಲೇ ತೂಗುತ್ತಿತ್ತು. ಈಗ ಅದರ ಬ್ಯಾಟರಿ ತೆಗೆದು ಬೀರುವಿನಲ್ಲಿಟ್ಟಿದ್ದೇನೆ. ಬ್ಯಾಟರಿ ಇಲ್ಲದಿದ್ದರೂ ಒಳಗಿನ ಲೋಹದ ಕೀಯಿಂದ ಬಾಗಿಲು ತೆರೆದು, ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದರೆ ನನ್ನ ಕಾರು ಏಳುತ್ತದೆ. ಅಮ್ಮನಿಗೂ ಎರಡು ಸಲ ಮಾಡಿಸಿ ತೋರಿಸಿದೆ. ಮೂರನೇ ಸಲ ಅವರೇ ಒಬ್ಬರೇ ಹೋಗಿ ಸ್ಟಾರ್ಟ್ ಮಾಡಿಕೊಂಡು ಬಂದರು.