‘ಎರಡು ಕಾರ್ಡ್, 22 ಜಿಬಿ’ ಎಂದು ಮಾರುವವರಿದ್ದಾರೆ, ಎಚ್ಚರ

ಬಳಸಿದ ಕಂಪ್ಯೂಟರ್ ಮಾರುವ ಜಾಹೀರಾತುಗಳಲ್ಲಿ ಈಗಲೂ ಈ ಸಾಲು ಕಾಣಿಸುತ್ತದೆ: ‘ಎರಡು ಜಿಟಿಎಕ್ಸ್ 1080 ಟಿಐ, ಒಟ್ಟು 22 ಜಿಬಿ ಗ್ರಾಫಿಕ್ಸ್ ಮೆಮೊರಿ, ದುಪ್ಪಟ್ಟು ವೇಗ’. ಜಿಟಿಎಕ್ಸ್ 1080 ಟಿಐ ಎಂದರೆ ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್, ಪರದೆಯ ಮೇಲೆ ಆಟದ ಚಿತ್ರ ಬಿಡಿಸುವ ಭಾಗ. ನನ್ನ ಅಕ್ಕನ ಮಗ ಮೊದಲ ಕೆಲಸದ ಸಂಬಳದಲ್ಲಿ ಉಳಿಸಿದ ಹಣವನ್ನೆಲ್ಲ ಸುರಿದು ಇಂಥದೊಂದನ್ನು ಕೊಂಡ. ಅಂಗಡಿಯವನು ಕೊಟ್ಟ ಭರವಸೆಗಳಲ್ಲಿ ಒಂದೂ ಮನೆಗೆ ಬಂದ ಮೇಲೆ ನಿಲ್ಲಲಿಲ್ಲ. ಇನ್ನೊಬ್ಬರ ಹಣ ಹೀಗೆ ಹೋಗಬಾರದು ಎಂದು ಬರೆಯುತ್ತಿದ್ದೇನೆ.

ಮೊದಲು ಆ 22 ಜಿಬಿಯ ಮಾತು. 1080 ಟಿಐ ಕಾರ್ಡಿನಲ್ಲಿ ಇರುವುದು 11 ಜಿಬಿ. ಎಸ್‌ಎಲ್‌ಐ ಎಂಬ ವಿಧಾನದಲ್ಲಿ ಎರಡು ಕಾರ್ಡುಗಳನ್ನು ಬ್ರಿಡ್ಜ್ ಎಂಬ ಸಣ್ಣ ಕೊಂಡಿ ಹಾಕಿ ಒಂದೇ ಆಟಕ್ಕೆ ದುಡಿಯುವಂತೆ ಜೋಡಿಸಿದರೆ, ಆಟದ ಅದೇ ಚಿತ್ರಗಳು, ಅದೇ ದತ್ತಾಂಶ ಎರಡರಲ್ಲೂ ಒಂದೊಂದು ಪ್ರತಿಯಾಗಿ ತುಂಬಿಕೊಳ್ಳುತ್ತವೆ. ಆಟಕ್ಕೆ ಸಿಗುವುದು 11 ಜಿಬಿ ಮಾತ್ರ. ಇದು ಗೊತ್ತಿದ್ದೂ ಕೂಡಿಸಿ ಹೇಳುವುದು ಸುಳ್ಳು. ಅದನ್ನು ವ್ಯಾಪಾರದ ಚಾಕಚಕ್ಯತೆ ಎಂದು ನಾನು ಒಪ್ಪುವುದಿಲ್ಲ.

ವೇಗ ತೋರಿಸಲು ಅಂಗಡಿಯಲ್ಲಿ, ವೇಗ ಅಳೆದು ಅಂಕ ಕೊಡುವ ಒಂದು ಬೆಂಚ್‌ಮಾರ್ಕ್ ಓಡಿಸಿದ್ದರು. ಅಂಕ ಹೆಚ್ಚುಕಡಿಮೆ ಇಮ್ಮಡಿ ಬಂತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಎರಡು ಕಾರ್ಡುಗಳನ್ನು ಚೆನ್ನಾಗಿ ದುಡಿಸಿಕೊಳ್ಳುವ ಹಳೆಯ ಬೆಂಚ್‌ಮಾರ್ಕ್‌ಗಳು ಬೇಕಾದಷ್ಟಿವೆ. ಮನೆಯಲ್ಲಿ 2015ರ ‘ದಿ ವಿಚರ್ 3’ ಆಟವನ್ನು ಡೈರೆಕ್ಟ್‌ಎಕ್ಸ್ 11ರಲ್ಲಿ (ಆಟಕ್ಕೂ ಕಾರ್ಡಿಗೂ ನಡುವಿನ ತಂತ್ರಾಂಶ) ಹಾಕಿದಾಗಲೂ ವೇಗ ಏರಿತು. ಹುಡುಗನಿಗೆ ಆಡಬೇಕಾಗಿದ್ದದ್ದು ‘ಸೈಬರ್‌ಪಂಕ್ 2077’. ಅದರಲ್ಲಿ ಎರಡನೆಯ ಕಾರ್ಡ್ ಸುಮ್ಮನೆ ಕುಳಿತಿತ್ತು.

ಕಾರಣ ಇಷ್ಟು. ಎಸ್‌ಎಲ್‌ಐ ತಾನಾಗಿ ಎಲ್ಲ ಆಟಕ್ಕೂ ಕೆಲಸ ಮಾಡುವುದಿಲ್ಲ. ಕೆಲಸ ಹೇಗೆ ಹಂಚಬೇಕೆಂಬ ಸೂಚನೆಯನ್ನು, ಅಂದರೆ ಆಟಕ್ಕೊಂದು ಪ್ರೊಫೈಲನ್ನು, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲಿ ಸೇರಿಸಬೇಕು. ಎನ್‌ವಿಡಿಯಾ 2021ರ ಜನವರಿ 1ರಿಂದ ಹೊಸ ಪ್ರೊಫೈಲ್ ಕೊಡುವುದನ್ನು ನಿಲ್ಲಿಸಿತು. ಆಮೇಲೆ ಉಳಿದದ್ದು ಆಟ ತಯಾರಿಸುವವರೇ ಡೈರೆಕ್ಟ್‌ಎಕ್ಸ್ 12 ಅಥವಾ ಅದರಂಥದೇ ಆದ ವಲ್ಕನ್ ಮೂಲಕ ಅಳವಡಿಸುವ ದಾರಿ. ಆ ಶ್ರಮಕ್ಕೆ ಕೈಹಾಕಿದವರು ಬಹಳ ಕಡಿಮೆ. ಇಂದಿನ ಆಟಗಳು ಹಿಂದಿನ ಫ್ರೇಮಿನ (ಒಂದು ಕ್ಷಣದ ಬಿಡಿ ಚಿತ್ರದ) ಮಾಹಿತಿ ಇಟ್ಟುಕೊಂಡು ಮುಂದಿನದನ್ನು ಬಿಡಿಸುತ್ತವೆ. ಹಿಂದಿನ ಫ್ರೇಮ್ ಪಕ್ಕದ ಕಾರ್ಡಿನಲ್ಲಿದ್ದರೆ ಅದನ್ನು ತರಿಸಿಕೊಳ್ಳುವಷ್ಟರಲ್ಲಿ ಸಿಕ್ಕ ಲಾಭ ಕರಗುತ್ತದೆ. ಆರ್‌ಟಿಎಕ್ಸ್ 30 ಸರಣಿಯಲ್ಲಿ ಬ್ರಿಡ್ಜ್ ಜೋಡಿಸುವ ಜಾಗ ಇದ್ದದ್ದು 3090ರ ಮಟ್ಟದ ಕಾರ್ಡಿಗೆ ಮಾತ್ರ, 40ರ ಸರಣಿಯಲ್ಲಿ ಅದೂ ಇಲ್ಲ. ಎಎಮ್‌ಡಿಯ ಕ್ರಾಸ್‌ಫೈರ್ ಎಂಬ ಇಂಥದೇ ವಿಧಾನವೂ ಹೀಗೆಯೇ ಮರೆಯಾಯಿತು.

ನನಗೆ ಹೆಚ್ಚು ಸಿಟ್ಟು ಬಂದದ್ದು ಕೆಲಸ ಮಾಡುವ ಆಟಗಳಲ್ಲಿನ ತೊಂದರೆಯನ್ನು ನೋಡಿ. ಮೂಲೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಎಂದು ಕಾಣುತ್ತದೆ, ಆದರೆ ಚಿತ್ರ ತಡವರಿಸುತ್ತದೆ. ಒಂದು ಕಾರ್ಡ್ ಬೆಸ ಫ್ರೇಮುಗಳನ್ನು, ಇನ್ನೊಂದು ಸಮ ಫ್ರೇಮುಗಳನ್ನು ಬಿಡಿಸುತ್ತದೆ. 60 ಫ್ರೇಮ್ ಎಂದರೆ ಪ್ರತಿಯೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ಎರಡು ಕಾರ್ಡುಗಳ ಹೆಜ್ಜೆ ಹೊಂದದೆ ಒಂದು ಫ್ರೇಮ್ 8ಕ್ಕೆ, ಮುಂದಿನದು 25ಕ್ಕೆ ಬಂದರೂ ಸರಾಸರಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಲೆಕ್ಕದಲ್ಲಿ ಕುಂದಿಲ್ಲ, ಕಣ್ಣಿಗೆ ಮಾತ್ರ ಎಡವಿದಂತೆ. ‘ನಿಮ್ಮ ಮಾನಿಟರ್ ಸರಿಯಿಲ್ಲ ಸರ್’ ಎಂದು ಅಂಗಡಿಯವನು ಫೋನಿನಲ್ಲಿ ಹೇಳಿದ. ಒಂದು ಕಾರ್ಡ್ ಬಿಚ್ಚಿದೊಡನೆ ಅದೇ ಮಾನಿಟರಿನಲ್ಲಿ ಚಿತ್ರ ನೇರವಾಯಿತು.

ವಿದ್ಯುತ್ತಿನ ವಿಷಯವನ್ನೂ ನೋಡಿ. 1080 ಟಿಐ ಒಂದಕ್ಕೆ 250 ವ್ಯಾಟ್. ಎರಡಕ್ಕೆ 500, ಪ್ರೊಸೆಸರ್ ಬೇರೆ. ಮನೆಗಳಲ್ಲಿ ಇಟ್ಟಿರುವ 600 ವಿಎ ಯುಪಿಎಸ್ ಇದನ್ನು ಹೊರುವುದಿಲ್ಲ. ಆಟದ ನಡುವೆ ಕರೆಂಟ್ ಹೋದರೆ ಕಂಪ್ಯೂಟರೂ ಅದರ ಜೊತೆಗೇ ಹೋಗುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಹಳೆಯದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಕ್ಯಾಬಿನೆಟ್ಟಿನೊಳಗೆ ಕೆಳಗಿನ ಕಾರ್ಡ್ ಉಗುಳುವ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ, ಫ್ಯಾನುಗಳ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. 2023ರ ಆರ್‌ಟಿಎಕ್ಸ್ 4060 ಒಂದೇ 115 ವ್ಯಾಟಿನಲ್ಲಿ 1080 ಟಿಐಗೆ ಸರಿಸಮನಾಗಿ ಓಡುತ್ತದೆ.

ಈಗಾಗಲೇ ಒಂದು ಕಾರ್ಡ್ ಇದ್ದು, ಅಗ್ಗಕ್ಕೆ ಸಿಕ್ಕಿತೆಂದು ಅಂಥದೇ ಇನ್ನೊಂದನ್ನು ತರಲು ಹೊರಟವರಿಗೂ ಇದೇ ಮಾತು. ಉದ್ದನೆಯ ಎರಡನೆಯ ಸ್ಲಾಟ್ ಇದ್ದ ಮಾತ್ರಕ್ಕೆ ಮದರ್‌ಬೋರ್ಡ್ ಎಸ್‌ಎಲ್‌ಐಗೆ ಒದಗುವುದಿಲ್ಲ. ಅಗ್ಗದ ಬೋರ್ಡುಗಳಲ್ಲಿ ಆ ಸ್ಲಾಟಿಗೆ ಬರುವುದು ನಾಲ್ಕೇ ಲೇನ್ (ದತ್ತಾಂಶ ಓಡಾಡುವ ದಾರಿ), ಎಸ್‌ಎಲ್‌ಐ ಕನಿಷ್ಠ ಎಂಟು ಕೇಳುತ್ತದೆ.

ಬ್ಲೆಂಡರ್ ಎಂಬ 3ಡಿ ಚಿತ್ರ ತಯಾರಿಸುವ ತಂತ್ರಾಂಶದಲ್ಲಿ ರೆಂಡರ್ ಮಾಡುವವರಿಗೆ ಎರಡು ಕಾರ್ಡ್ ನಿಜಕ್ಕೂ ಉಪಯೋಗ, ಅಲ್ಲಿ ಕೆಲಸವನ್ನು ಹಂಚಿಕೊಳ್ಳಲು ಬ್ರಿಡ್ಜ್ ಕೂಡ ಬೇಡ. ನಾನು ಹೇಳುತ್ತಿರುವುದು ಆಟಕ್ಕೆಂದು ಕೊಳ್ಳುವವರಿಗೆ.

ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಲ್ಲಿನಲ್ಲಿ ಇದ್ದದ್ದು ‘ಬಳಸಿದ ಕಂಪ್ಯೂಟರ್, 1’ ಎಂದಷ್ಟೇ. 22 ಜಿಬಿಯ ಮಾತು ಬಾಯಲ್ಲೇ ಉಳಿದಿತ್ತು. ನೀವು ಹೋದಾಗ ಬೆಂಚ್‌ಮಾರ್ಕ್ ಬೇಡ, ನೀವು ಆಡುವ ಆಟವನ್ನೇ ಹಾಕಿಸಿ. ಎಸ್‌ಎಲ್‌ಐ ಒಮ್ಮೆ ಆನ್, ಒಮ್ಮೆ ಆಫ್ ಮಾಡಿಸಿ ಎದುರಿಗೇ ನಿಂತು ನೋಡಿ. ಮೆಮೊರಿ ಎಷ್ಟೆಂದು ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ, ಬರೆಯಲು ಹಿಂಜರಿದರೆ ಹಣ ಕೊಡಬೇಡಿ.