ರೆಸ್ಪಾನ್ಸಿವ್ ಆ್ಯಡ್ ದುಡ್ಡು ತರುತ್ತದೆ, ಪುಟವನ್ನೂ ಕುಣಿಸುತ್ತದೆ: ಆ್ಯಡ್‌ಸೆನ್ಸ್ ಬಳಕೆಯ ವಿಮರ್ಶೆ

ಸೈಟಿನಲ್ಲಿ ಜಾಹೀರಾತು ತೋರಿಸಿ ಅದರ ದುಡ್ಡು ಕೊಡುವ ಗೂಗಲ್ ಸೇವೆ ಆ್ಯಡ್‌ಸೆನ್ಸ್. ಪುಟದಲ್ಲಿ ಅದರ ಒಂದು ಜಾಹೀರಾತು ಜಾಗಕ್ಕೆ ಯೂನಿಟ್ ಎನ್ನುತ್ತಾರೆ: ಪರದೆಗೆ ತಕ್ಕಂತೆ ಅಳತೆ ಬದಲಿಸಿಕೊಳ್ಳುವುದು ರೆಸ್ಪಾನ್ಸಿವ್, ಅಳತೆ ಮೊದಲೇ ಗೊತ್ತುಮಾಡಿದ್ದು ಫಿಕ್ಸೆಡ್. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಓದುಗರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲೇ ಬರುವ ಕನ್ನಡ ಸೈಟಿಗೆ, ಲೇಖನದ ನಡುವೆ ಹಾಕಲು ರೆಸ್ಪಾನ್ಸಿವ್ ಯೂನಿಟ್ಟೇ ವಾಸಿ. ಆದರೆ ಅದೇ ಕೋಡನ್ನು ತಲೆಬರಹದ ಕೆಳಗೂ ಅಂಟಿಸಿದರೆ ಬಂದ ಲಾಭವನ್ನು ಅದೇ ತಿಂದುಹಾಕುತ್ತದೆ.

ಲಾಭ ಬರುವುದು ಎಲ್ಲಿಂದ ನೋಡಿ. ಸಾಧಾರಣ ಆಂಡ್ರಾಯ್ಡ್ ಫೋನಿನ ಪರದೆ 360 ಪಿಕ್ಸೆಲ್ ಅಗಲ ಎಂದಿಟ್ಟುಕೊಳ್ಳಿ. ಎರಡೂ ಬದಿ 16 ಪಿಕ್ಸೆಲ್ ಅಂಚು ಕಳೆದರೆ ಬರಹಕ್ಕೆ ಉಳಿಯುವುದು 328. ಅಲ್ಲಿ 336×280 ಹಾಕಿದರೆ 8 ಪಿಕ್ಸೆಲ್ ಆಚೆ ಚಾಚುತ್ತದೆ. 300×250 ಆರಾಮಾಗಿ ಕೂರುತ್ತದೆ. ರೆಸ್ಪಾನ್ಸಿವ್ ಕೋಡ್ ಮಾತ್ರ, ಫೋನ್ ನೆಟ್ಟಗಿದ್ದರೆ, ಅಂಚನ್ನೂ ದಾಟಿ ಪೂರ್ತಿ 360 ಅಗಲಕ್ಕೆ ಹರಡಿಕೊಳ್ಳುತ್ತದೆ. ಎತ್ತರ ಸುಮಾರು 300. ಅಂದರೆ 75,000 ಪಿಕ್ಸೆಲ್ ಇದ್ದ ಜಾಗ 1,08,000 ಆಯಿತು. ಒಂದೇ ಅಳತೆಗೆ ಕಟ್ಟುಬೀಳದ್ದರಿಂದ ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ನಡೆಯುವ ಹರಾಜಿಗೆ ಬರುವ ಜಾಹೀರಾತುಗಳೂ ಹೆಚ್ಚು. ಹಾಗೆಂದು ಫಿಕ್ಸೆಡ್ ತೀರಾ ಬಿಗಿ ಎಂದಲ್ಲ. 336×280 ಯೂನಿಟ್ಟಿಗೆ 300×250 ಜಾಹೀರಾತು ಬಂದು ಕೂರುವುದುಂಟು. ಡೆಸ್ಕ್‌ಟಾಪಿನಲ್ಲಿ ರೆಸ್ಪಾನ್ಸಿವ್, ಫಿಕ್ಸೆಡ್ ಎರಡರ ಆದಾಯದ ಅಂತರ ಅಷ್ಟಾಗಿ ಕಾಣದಿರಲು ಇದೂ ಒಂದು ಕಾರಣ.

ಈ ಅಂತರ ಅಳೆಯುವುದರಲ್ಲೇ ಬಹಳ ಮಂದಿ ಎಡವುತ್ತಾರೆ. ಅಕ್ಟೋಬರಿನಲ್ಲಿ ರೆಸ್ಪಾನ್ಸಿವ್, ಜನವರಿಯಲ್ಲಿ ಫಿಕ್ಸೆಡ್ ಹಾಕಿ ಹೋಲಿಸಿದರೆ ಸಿಗುವುದು ದಸರಾ–ದೀಪಾವಳಿಯ ಜಾಹೀರಾತು ದರದ ಲೆಕ್ಕ, ಯೂನಿಟ್ಟಿನದಲ್ಲ. ಸರಿಯಾದ ದಾರಿ ಹೀಗೆ: ಒಂದೇ ಜಾಗಕ್ಕೆ ಬೇರೆ ಬೇರೆ ಹೆಸರಿನ ಎರಡು ಯೂನಿಟ್ ಮಾಡಿ, ಜಾವಾಸ್ಕ್ರಿಪ್ಟಿನ ಮ್ಯಾಥ್.ರಾಂಡಮ್ (ಅಡ್ಡಾದಿಡ್ಡಿ ಸಂಖ್ಯೆ ಕೊಡುವ ಆದೇಶ) ಬಳಸಿ ಅರ್ಧ ಪುಟವೀಕ್ಷಣೆಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ತೋರಿಸಿ. ಈ ಎ/ಬಿ ಪರೀಕ್ಷೆಗೆ ಕೋಡ್ ಬದಲಿಸಲು ಗೂಗಲ್ ಒಪ್ಪಿಗೆ ಇದೆ. ಆಮೇಲೆ ವರದಿಯನ್ನು ಮೊಬೈಲ್, ಡೆಸ್ಕ್‌ಟಾಪ್ ಎಂದು ಒಡೆದು, ಪುಟವೀಕ್ಷಣೆ ಸಾವಿರಕ್ಕೆ ಎಷ್ಟು ಬಂತು ಎನ್ನುವ ಪೇಜ್ ಆರ್‌ಪಿಎಂ ನೋಡಿ. ಸಿಟಿಆರ್ (ತೋರಿಸಿದ್ದರಲ್ಲಿ ಎಷ್ಟಕ್ಕೆ ಕ್ಲಿಕ್ ಬಿತ್ತು ಎಂಬ ದರ) ನಂಬಬೇಡಿ, ಪರದೆ ತುಂಬಿದ ಜಾಹೀರಾತಿಗೆ ಹೆಬ್ಬೆರಳು ತಾನಾಗಿ ತಗಲುತ್ತದೆ.

ಬೆಳಗಿನ ಕಾಫಿ ಜೊತೆ ವರದಿ ತೆರೆಯುವ ಚಟ ಇದ್ದವರಿಗೆ ಒಂದು ಮಾತು. ಖಾತೆಯ ವರದಿ ಅಮೆರಿಕದ ಪೆಸಿಫಿಕ್ ಸಮಯದಲ್ಲೇ ಇದ್ದರೆ, ಅಲ್ಲಿನ ಮಧ್ಯರಾತ್ರಿ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30. ಬೆಳಿಗ್ಗೆ ಏಳಕ್ಕೆ ಕಾಣುವ 'ಇಂದು' ನಮ್ಮ ನಿನ್ನೆಯ ಮಧ್ಯಾಹ್ನವೇ ಶುರುವಾದದ್ದು. ಸೆಟ್ಟಿಂಗ್‌ನಲ್ಲಿ ಖಾತೆಯ ಸಮಯವಲಯಕ್ಕೆ ಬದಲಿಸಿಕೊಂಡು, ಸೋಮವಾರವನ್ನು ಸೋಮವಾರದ ಜೊತೆಗೇ ಹೋಲಿಸಿ. ವಾರದ ಕೊನೆಯಲ್ಲಿ ಹೊರದೇಶದ ಕನ್ನಡಿಗರು ಹೆಚ್ಚಾಗಿ ಬಂದರೆ ಅಂಕಿ ತಾನೇ ಜಿಗಿಯುತ್ತದೆ, ಅದರಲ್ಲಿ ಯೂನಿಟ್ಟಿನ ಹೆಚ್ಚುಗಾರಿಕೆ ಏನೂ ಇಲ್ಲ. ಕ್ರಿಯೇಟಿವ್ ಸೈಜ್ (ಬಂದ ಜಾಹೀರಾತಿನ ಅಳತೆ) ಪ್ರಕಾರ ಒಡೆದು ನೋಡುವುದು ಇನ್ನೂ ಸೊಗಸು: ರೆಸ್ಪಾನ್ಸಿವ್ ಯೂನಿಟ್ಟಿನಲ್ಲಿ ನಿಜವಾಗಿ ಯಾವ ಅಳತೆ ಬಂದು ಕೂತಿತು, ಯಾವುದು ದುಡಿಯಿತು ಎಂದು ಗೊತ್ತಾಗುತ್ತದೆ.

ಇಲ್ಲಿಯವರೆಗೆ ಹೊಗಳಿಕೆ. ಇನ್ನು ಸಿಟ್ಟಿನ ವಿಷಯ.

ರೆಸ್ಪಾನ್ಸಿವ್ ಯೂನಿಟ್ಟಿನ ಎತ್ತರ ಕೋಡ್ ಓಡುವವರೆಗೂ ಬ್ರೌಸರಿಗೆ ತಿಳಿಯದು. ಮೊದಲ ಪ್ಯಾರಾ ಬಂದು ನಿಂತಿರುತ್ತದೆ, ಓದುಗ ಎರಡನೇ ಸಾಲಿನಲ್ಲಿರುತ್ತಾನೆ, ಆಗ ಮೇಲೆ 300 ಪಿಕ್ಸೆಲ್ ಧುತ್ತೆಂದು ತೆರೆದುಕೊಂಡು ಸಾಲು ಕೆಳಗೆ ಹಾರುತ್ತದೆ. ನೆಟ್‌ವರ್ಕ್ ಮಂದವಿದ್ದಷ್ಟೂ ಜಿಗಿತ ತಡವಾಗಿ ಆಗುತ್ತದೆ, ಅಷ್ಟೂ ಕಿರಿಕಿರಿ. ಗೂಗಲ್ಲೇ ಪುಟದ ಗುಣಮಟ್ಟ ಅಳೆಯಲು ಇಟ್ಟಿರುವ ಸಿಎಲ್‌ಎಸ್ (ಪುಟ ಎಷ್ಟು ಜಿಗಿಯುತ್ತದೆ ಎಂಬ ಅಂಕ) 0.1ರೊಳಗೆ ಇರಬೇಕು; ಈ ಒಂದು ಜಿಗಿತ ಅದನ್ನು ಸುಲಭವಾಗಿ ದಾಟಿಸುತ್ತದೆ. ಓದುಗ ಎರಡನೇ ಪುಟಕ್ಕೆ ಹೋಗದೆ ವಾಪಸಾದರೆ, ಕೆಳಗಿನ ಯೂನಿಟ್‌ಗಳೂ ಮುಂದಿನ ಪುಟದ ಯೂನಿಟ್‌ಗಳೂ ಕಳೆದುಕೊಂಡ ದುಡ್ಡು ಈ ಯೂನಿಟ್ಟಿನ ವರದಿಯಲ್ಲಿ ಕಾಣುವುದೇ ಇಲ್ಲ.

ಪರಿಹಾರ ಇದೆ. ಯೂನಿಟ್ಟನ್ನು ಒಂದು ಡಿವ್‌ನಲ್ಲಿ, ಅಂದರೆ ಪುಟದ ಕೋಡಿನ ಪೆಟ್ಟಿಗೆಯಲ್ಲಿ, ಸುತ್ತಿ ಮಿನ್-ಹೈಟ್ (ಕನಿಷ್ಠ ಎತ್ತರ) 300 ಪಿಕ್ಸೆಲ್ ಕೊಡಿ. ಬರೀ ಹೈಟ್ ಕೊಡಬೇಡಿ, ಜಾಹೀರಾತು ಅದಕ್ಕಿಂತ ಎತ್ತರವಿದ್ದರೆ ಕೆಳಗಿನ ಬರಹದ ಮೇಲೆ ಹತ್ತಿ ಕೂರುತ್ತದೆ. ಆ ಡಿವ್‌ಗೆ ಓವರ್‌ಫ್ಲೋ ಹಿಡನ್ (ಪೆಟ್ಟಿಗೆಯಾಚೆ ಚಾಚಿದ್ದನ್ನು ಮರೆಮಾಡುವ ಸೂಚನೆ) ಇದ್ದರೆ ಪೂರ್ತಿ ಅಗಲದ ಜಾಹೀರಾತಿನ ಬದಿಗಳು ಕತ್ತರಿಸಿಹೋಗುತ್ತವೆ. ಮುಚ್ಚಿದ ಟ್ಯಾಬಿನಲ್ಲೋ ಅಗಲವಿಲ್ಲದ ಫ್ಲೆಕ್ಸ್ ಪೆಟ್ಟಿಗೆಯಲ್ಲೋ ಇಟ್ಟರೆ 'ಅವೈಲಬಲ್‌ವಿಡ್ತ್=0' ಎಂಬ ದೋಷ ಬ್ರೌಸರಿನ ಕನ್ಸೋಲಿನಲ್ಲಿ (ದೋಷಗಳ ಪಟ್ಟಿ) ಬರುತ್ತದೆ, ಜಾಹೀರಾತು ಬರುವುದಿಲ್ಲ. ಜಾಹೀರಾತೇ ಸಿಗದಿದ್ದಾಗ ಯೂನಿಟ್ಟಿನ ಕೋಡಿನಲ್ಲಿ ಡೇಟಾ-ಆ್ಯಡ್-ಸ್ಟೇಟಸ್ ಎಂಬ ಗುರುತು 'ಅನ್‌ಫಿಲ್ಡ್' (ತುಂಬಿಲ್ಲ) ಆಗುತ್ತದೆ. ಅದನ್ನು ಹಿಡಿದು ಖಾಲಿ ಜಾಗ ಮಡಚಬಹುದು. ಆದರೆ ಇದನ್ನು ಪುಟದ ತಳದಲ್ಲಷ್ಟೇ ಮಾಡಿ. ಮೇಲೆ ಮಡಚಿದರೆ ಸಾಲು ಈಗ ಮೇಲಕ್ಕೆ ಹಾರುತ್ತದೆ!

ತಲೆಬರಹದ ಕೆಳಗಿನ ಜಾಗಕ್ಕೆ ನನ್ನ ಆಯ್ಕೆ ನಡುದಾರಿ: ರೆಸ್ಪಾನ್ಸಿವ್ ಯೂನಿಟ್ಟೇ, ಆದರೆ ಅಳತೆ ನಮ್ಮದು. ಕೋಡಿನಿಂದ ಡೇಟಾ-ಆ್ಯಡ್-ಫಾರ್ಮ್ಯಾಟ್, ಡೇಟಾ-ಫುಲ್-ವಿಡ್ತ್-ರೆಸ್ಪಾನ್ಸಿವ್ ಎರಡನ್ನೂ ತೆಗೆದು, ಒಂದು ಕ್ಲಾಸ್ ಕೊಟ್ಟು, ಸಿಎಸ್‌ಎಸ್ ಮೀಡಿಯಾ ಕ್ವೆರಿಯಲ್ಲಿ (ಪರದೆಯ ಅಗಲ ನೋಡಿ ಬದಲಾಗುವ ವಿನ್ಯಾಸದ ನಿಯಮ) ಫೋನಿಗೆ 320×100, ಬರಹದ ಅಂಕಣ 728 ಹಿಡಿಸುವಷ್ಟು ಅಗಲವಿರುವ ಪರದೆಗೆ 728×90 ಎಂದು ಬರೆಯಿರಿ. ಜಾಗ ಮೊದಲೇ ಗೊತ್ತಿರುವುದರಿಂದ ಜಿಗಿತವಿಲ್ಲ. ಪೂರ್ತಿ ಅಗಲದ ಜಾಹೀರಾತಿಗಿಂತ ಇಲ್ಲಿ ಆದಾಯ ಕಡಿಮೆ, ಅದು ಗೊತ್ತಿದ್ದೇ ಮಾಡುವುದು. ಡೆಸ್ಕ್‌ಟಾಪಿನ ಪಕ್ಕದ ಪಟ್ಟಿಗೆ 300×600 ಸಾಕು, ಅಲ್ಲಿ ರೆಸ್ಪಾನ್ಸಿವ್ ಹಾಕಿ ಗಳಿಸುವುದೇನಿಲ್ಲ.

100 ಡಾಲರ್ ಕೂಡುವವರೆಗೆ ದುಡ್ಡು ಕೈಗೆ ಬಾರದ ಸಣ್ಣ ಸೈಟಿನವರು ಎ/ಬಿ ಪರೀಕ್ಷೆಯ ಗೋಜಿಗೇ ಹೋಗಬೇಕಿಲ್ಲ. ದಿನಕ್ಕೆ ಕೆಲವೇ ಕ್ಲಿಕ್ ಇರುವಾಗ ಒಂದು ದುಬಾರಿ ಕ್ಲಿಕ್ ಇಡೀ ವಾರದ ಫಲಿತಾಂಶ ತಿರುಗಿಸಿಬಿಡುತ್ತದೆ. ಮಿನ್-ಹೈಟ್ ಮಾತ್ರ ಇವತ್ತೇ ಹಾಕಿ.